ಎಂಟು ಗಂಟೆಯ ದಿಕ್ಕು

ಹಾಸನದ ಸಂತೆಪೇಟೆಯಲ್ಲಿ ಹತ್ತೊಂಬತ್ತು ವರ್ಷ
ತಕ್ಕಡಿಗಳಿಗೆ ಮೊಹರು ಒತ್ತಿದ ಕೈ ಇದು.
ಬೆಲ್ಲದವನ ಕಲ್ಲು, ಅಕ್ಕಸಾಲಿಯ ಗುಲಗಂಜಿ ತೂಕ,
ಪೆಟ್ರೋಲ್ ಬಂಕಿನ ಐದು ಲೀಟರಿನ ಅಳತೆಪಾತ್ರೆ,
ಸುಳ್ಳು ಎಲ್ಲಿ ಕೂತಿರುತ್ತದೆಂದು ಬೆರಳಿಗೆ ಗೊತ್ತು.

ನಲವತ್ತಮೂರಕ್ಕೆ ಹಿಡಿಯಿತು ಗುರಿ ಹೊಡೆಯುವ ಹುಚ್ಚು.
ಭಾನುವಾರದ ಶೆಡ್ಡಿನಲ್ಲಿ
ಹೈಸ್ಕೂಲು ಹುಡುಗರ ಸಾಲಿನ ಕೊನೆಗೆ ನಾನು.
ಕ್ಲಬ್ಬಿನ ಬಂದೂಕು ಕೈಗೆ ಬರುವಾಗ ಹನ್ನೊಂದೂವರೆ.
ಚೀಟಿ ಎತ್ತಿದೆ. ಮೂವತ್ತೆಂಟು ಸಾವಿರ.
ಹೊಸ ಮ್ಯಾಚ್ ರೈಫಲ್ಲಿನ ಬೆಲೆ ಕೇಳಿದೆ;
ಕೇಳಿದ್ದಕ್ಕೆ ದುಡ್ಡು ತಗೊಳ್ಳಲಿಲ್ಲ, ಅಷ್ಟೇ ಪುಣ್ಯ.

ಬಿ.ಎಂ. ರಸ್ತೆಯ ಅಂಗಡಿಯವನು ತೋರಿಸಿದ್ದು
ಕನ್ನಡಿಯಂಥ ನಳಿಗೆ, ಮೇಲೊಂದು ದುರ್ಬೀನು.
"ಸ್ಕೋಪ್ ಫ್ರೀ ಮೇಡಂ, ಸೊಳ್ಳೆ ಕಾಲಿಗೂ ಹೊಡೀಬಹುದು."
ಹಿತ್ತಲಲ್ಲಿ ಮರಳುಮೂಟೆಗೆ ಒರಗಿಸಿ ಐದು ಹೊಡೆದೆ.
ಒಂದು ನಟ್ಟನಡುವಿಗೆ. ಅವನು ಚಪ್ಪಾಳೆ ತಟ್ಟಿದ.
ಉಳಿದ ನಾಲ್ಕು, ಪಾಲಾದ ಅಣ್ಣತಮ್ಮಂದಿರ ಹಾಗೆ,
ಕಾಗದದ ನಾಲ್ಕು ಮೂಲೆಗೆ.
ಒಮ್ಮೆ ಹೆಚ್ಚು ಒಮ್ಮೆ ಕಡಿಮೆ ತೂಗುವ ತಕ್ಕಡಿಗೆ
ನಾನು ಯಾವತ್ತೂ ಮೊಹರು ಒತ್ತಿದವಳಲ್ಲ.

ಆಮೇಲೆ ಬೇಲೂರಿನ ಮೇಲೆ ಚಿಕ್ಕಮಗಳೂರು ಬಸ್ಸು.
ಕಾಫಿ ಕ್ಯೂರಿಂಗಿನಲ್ಲಿ ಬೀಜ ವಿಂಗಡಿಸುತ್ತಿದ್ದ ಬೊನಿಫಾಸ್ ಲೋಬೊ,
ಎಪ್ಪತ್ತೊಂದು. ಉಪ್ಪಳ್ಳಿಯ ಹತ್ತಿರ ಉದ್ದನೆ ಶೀಟಿನ ಗೋದಾಮು,
ಆ ತುದಿಗೆ ಹಳೇ ಟೆಲಿಫೋನ್ ಡೈರೆಕ್ಟರಿಗಳ ಗೋಡೆ.
ಬಂದೂಕು ನನಗಿಂತ ಎರಡು ವರ್ಷ ದೊಡ್ಡದು.
ಪಕ್ಕದ ಸನ್ನೆ ಎಳೆಯಬೇಕಾದ ಜರ್ಮನಿಯ ಮಾಲು,
ಹಿಡಿಯಲ್ಲಿ ಸೀಳು, ಸೀಳಿಗೆ ಅರಾಲ್ಡೈಟು,
ಕೆನ್ನೆ ತಾಗುವಲ್ಲಿ ಮರ ನುಣ್ಣಗೆ ಕಪ್ಪಾಗಿತ್ತು.

ಮೊದಲು ನನ್ನ ಉಕ್ಕಿನ ಟೇಪು ಬಿಚ್ಚಿದೆ.
"ಹತ್ತು ಮೀಟರ್ ಅಲ್ಲ ಇದು. ನಾಲ್ಕು ಸೆಂಟಿಮೀಟರ್ ಹೆಚ್ಚಿದೆ."
ಲೋಬೊ ನೆಲ ನೋಡಿದರು, ಟೇಪು ನೋಡಿದರು.
"ಮೂವತ್ತು ವರ್ಷ ಅಷ್ಟು ದೂರದಿಂದ ಹೊಡೆದೆನಾ!"
ಬೇಸರವೋ ಹೆಮ್ಮೆಯೋ ತಿಳಿಯಲಿಲ್ಲ.

ಮೇಜಿನ ಮೇಲೆ ಅಕ್ಕಿಚೀಲ, ಅದರ ಮೇಲೆ ನಳಿಗೆ.
ಮೂರು ಡಬ್ಬಿ ಗುಂಡು, ಒಂದೊಂದರಿಂದ ಐದು.
ಮೊದಲನೆಯದು ಚೆದುರಿತು. ಎರಡನೆಯದು ಪರವಾಗಿಲ್ಲ.
ಮೂರನೆಯದರ ಐದೂ ಸೇರಿ ಒಂದೇ ತೂತು,
ಪೀಬೆರಿ ಬೀಜ ಕೂರುವಷ್ಟು.
ಆದರೆ ನಡುವಿಗಲ್ಲ. ಕೆಳಗೆ, ಎಡಕ್ಕೆ,
ಗಡಿಯಾರವಾಗಿದ್ದರೆ ಎಂಟು ಗಂಟೆ.

ಲೋಬೊ ತಲೆ ತಗ್ಗಿಸಿದರು. ನಾನು ಒಳಗೇ ಕುಣಿದೆ.
ಪ್ರತಿ ಸಲವೂ ಐದೇ ಗ್ರಾಂ ಕಡಿಮೆ ತೋರಿಸುವ ತಕ್ಕಡಿ
ಕೆಟ್ಟದ್ದಲ್ಲ;
ಅದರ ಕಿವಿ ಯಾರೂ ಹಿಂಡಿಲ್ಲ, ಅಷ್ಟೆ.

"ಕಣ್ಣಿಗೆ ಪೊರೆ," ಅವರೇ ಹೇಳಿದರು,
"ಅದು ಬಲಿತ ಹಾಗೆಲ್ಲ ಗುರಿಕಿಂಡಿ ತಿರುಗಿಸುತ್ತಾ ಹೋದೆ.
ನನಗದು ನಡುವಿಗೇ ಬೀಳ್ತಿತ್ತು."
ನಲವತ್ತೈದು ಅಂದಿದ್ದವರು ಮೂವತ್ತಾರಕ್ಕೆ ನಿಂತರು.
"ಉಳಿದ ಎರಡು ಸಾವಿರಕ್ಕೆ ಆ ಮೂರನೇ ಗುಂಡೇ ಕೊಳ್ಳಿ,
ಬೇರೆ ಯಾವುದನ್ನೂ ಇದು ತಿನ್ನೋದಿಲ್ಲ."

ವಾಪಸು ಬಸ್ಸಿನಲ್ಲಿ ಹೊದಿಕೆ ಸುತ್ತಿದ ಉದ್ದನೆ ಗಂಟು.
"ಏನಮ್ಮಾ, ತಂಬೂರಿನಾ?" ಕಂಡಕ್ಟರು ಲಗೇಜು ಟಿಕೇಟು ಹರಿದ.
ಹೌದೆಂದೆ. ಶ್ರುತಿ ಸ್ವಲ್ಪ ಇಳಿದಿದೆ ಅಂದೆ.

ರಾತ್ರಿ ಊಟವಾದ ಮೇಲೆ ದೀಪದ ಕೆಳಗೆ ಕೂತು
ಬಲಕ್ಕೆಷ್ಟು, ಮೇಲಕ್ಕೆಷ್ಟು, ಲೆಕ್ಕ ಹಾಕಿದೆ.
ತಿರುಪಿಗೆ ಬೆರಳಿಡುವ ಮೊದಲು
ಕಚೇರಿಯ ವಹಿಯಲ್ಲಿ ಬರೆಯುವ ಹಾಗೆ ತಾರೀಖು ಹಾಕಿ
ಇದ್ದ ಅಂಕಿಯನ್ನು ಇದ್ದ ಹಾಗೇ ಬರೆದುಕೊಂಡೆ:
ಲೋಬೊ ಅವರ ನಡು, ಇಲ್ಲಿ.